ಮೈಕಿನಲ್ಲಿ ಕೂಗಿದರೆ ಯಾರು ಬರುತ್ತಾರೆ?

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ 11ಕ್ಕೆ ಗರ್ಭಕೊರಳಿನ (ಗರ್ಭಚೀಲದ ಬಾಯಿಯ) ಕ್ಯಾನ್ಸರ್ ತಪಾಸಣೆ ಇಟ್ಟಿದ್ದರು. ಹಿಂದಿನ ದಿನವೇ ಮೈಕಿನಲ್ಲಿ ಕೂಗಿಸಿದ್ದರು. ಬಂದವರು ಬೆರಳೆಣಿಕೆಯಷ್ಟು. ಪುಕ್ಕಟೆ ಇದ್ದರೂ ಬೇಡ ಅನ್ನುವ ಹೆಂಗಸರಿಗೆ ತಿಳುವಳಿಕೆ ಬರೋದು ಯಾವಾಗ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರು ಯಾಕೆ ಬರಲಿಲ್ಲ ಅನ್ನೋದು ನಿಮ್ಮ ಪತ್ರದಲ್ಲೇ ಇದೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಿಮ್ಮ ಕಡೆ ಸೋಮವಾರ 11 ಗಂಟೆಗೆ ಯಾವ ಹೆಂಗಸು ಮನೆಯಲ್ಲಿರುತ್ತಾಳೆ? ನಾಟಿ ಎಕರೆ ಲೆಕ್ಕದ ಗುತ್ತಿಗೆ. ಗುಂಪಿನಲ್ಲಿ ಒಬ್ಬಳು ತಪ್ಪಿಸಿಕೊಂಡರೆ ಅವಳ ಕೆಲಸ ಉಳಿದವರ ಮೈಮೇಲೆ ಬೀಳುತ್ತದೆ. ದಿನದ ಕೂಲಿ ಹೋದ ಮೇಲೆ ಅದು ಪುಕ್ಕಟೆ ಹೇಗಾದೀತು?

ಇನ್ನು ಮೈಕು. ಪೋಲಿಯೊ ಹನಿಗೆ ಕೂಗಿದ ಹಾಗೆ ಇದಕ್ಕೂ ಕೂಗಿದರೆ, ಶಾಲೆ ಗೇಟು ದಾಟಿದವಳ ಮೇಲೆ ಊರ ಕಣ್ಣೆಲ್ಲ ಬೀಳುತ್ತದೆ. "ಆಕಿಗೆ ಏನೋ ಐತಂತ" ಅನ್ನುವ ಮಾತು ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟಿರುತ್ತದೆ. ಒಳಗೆ ಮಲಗಿ ಸೀರೆ ಸರಿಸಬೇಕು. ಪರದೆ ಇದೆಯೋ ಇಲ್ಲವೋ, ನೋಡೋರು ಸಿಸ್ಟರೋ ಗಂಡು ಡಾಕ್ಟರೋ, ಇದನ್ನೆಲ್ಲ ಮೈಕು ಹೇಳುವುದಿಲ್ಲ ಅಲ್ವಾ?

ಗರ್ಭಚೀಲದ ಭಯವೂ ಇದೆ. ಕಲಬುರಗಿ ಕಡೆ ಖಾಸಗಿ ಆಸ್ಪತ್ರೆಗಳಲ್ಲಿ ಬೇಡದಿದ್ದರೂ ಗರ್ಭಚೀಲ ತೆಗೆದರು ಅನ್ನುವ ದೂರು ಎದ್ದು ಸರ್ಕಾರವೇ ತನಿಖೆ ಮಾಡಿಸಿತ್ತು. ಬಿಳಿ ಮುಟ್ಟು ಅಂತ ಹೋದವರು ಚೀಲ ಕಳೆದುಕೊಂಡು ಬಂದದ್ದನ್ನು ಕಂಡ ಹೆಂಗಸರು ತಪಾಸಣೆಗೆ ಹೆದರಿದರೆ ಅದನ್ನು ಅಜ್ಞಾನ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಒಪ್ಪಿಸಲು ಎಲ್ಲಕ್ಕಿಂತ ಕಷ್ಟದ ಮಾತು ಬೇರೆ. ನೋವಿಲ್ಲ, ಬೇನೆ ಇಲ್ಲ, ಸುಮ್ನೆ ಯಾಕೆ ಹೋಗಬೇಕು? ಏನೂ ಇಲ್ಲದಾಗಲೇ ಹೋಗಬೇಕು. ಎಚ್‌ಪಿವಿ ಅನ್ನುವ ವೈರಸ್ ಬಹಳ ಜನಕ್ಕೆ ತಗುಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಸಾಮಾನ್ಯವಾಗಿ ತಗುಲಿ 15-20 ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಬಹುದು. ಅಷ್ಟು ಕಾಲ ನಮ್ಮ ಕೈಯಲ್ಲಿರುತ್ತದೆ. ಸರ್ಕಾರದ ಲೆಕ್ಕದಲ್ಲಿ 30ರಿಂದ 65 ವಯಸ್ಸಿನವರು ಐದು ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು. ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿ ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬೆಳ್ಳಗಿನ ಕಲೆ ಎದ್ದರೆ ಮುಂದಿನ ಪರೀಕ್ಷೆ. ಕಲೆ ಅಂದರೆ ಕ್ಯಾನ್ಸರ್ ಅಲ್ಲ, ಚೀಲ ತೆಗೆಸಬೇಕು ಅಂತಲೂ ಅಲ್ಲ. ಚಿಕಿತ್ಸೆ ಬೇಕಾದ ಹೆಚ್ಚಿನವರಿಗೆ ಆ ಭಾಗವನ್ನಷ್ಟೇ ಸುಟ್ಟೋ ತೀರಾ ತಣ್ಣಗೆ ಹೆಪ್ಪುಗಟ್ಟಿಸಿಯೋ ಗುಣಪಡಿಸುತ್ತಾರೆ. ಇಷ್ಟಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30-49 ವಯಸ್ಸಿನ ನೂರು ಹೆಂಗಸರಲ್ಲಿ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡಿದ್ದವರು ಇಬ್ಬರಿಗಿಂತಲೂ ಕಡಿಮೆ.

ಹಳ್ಳಿ ಹೆಂಗಸರು ಬರೋದೇ ಇಲ್ಲ ಅನ್ನೋರಿಗೆ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ತೋರಿಸುತ್ತೇನೆ. ರಾಯಚೂರಿನ ಹಾಗೇ ನಿಜಾಮನ ಕೈಕೆಳಗಿದ್ದ, ಮಳೆ ನಂಬಿದ ಜಿಲ್ಲೆ. ಅಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಸೇರಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರನ್ನೇ ಕಂಡು ಕರೆದರು, ತರಬೇತಿ ಪಡೆದ ನರ್ಸಮ್ಮಗಳೇ ಮಾದರಿ ತೆಗೆದರು. ಕರೆದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಮಂದಿ ಬಂದರು. ಮಾದರಿಯಲ್ಲಿ ಆ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆ ಒಂದೇ ಸಲ ಮಾಡಿದ್ದಕ್ಕೆ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಮುಂದಿನ ಸಲಕ್ಕೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರ ಹತ್ತಿರ ಹೀಗೆ ಮಾತಾಡಿ. ನಾಟಿ ಮುಗಿದ ಮೇಲೆ ಇಡಿ. ಸಿಸ್ಟರೇ ನೋಡಲಿ. ಬಿಪಿ, ಶುಗರ್ ಜತೆಗೇ ಮಾಡಿದರೆ ಯಾರು ಯಾತಕ್ಕೆ ಬಂದರು ಅಂತ ಊರಿಗೆ ಗೊತ್ತಾಗದು. ಕಲೆ ಕಂಡರೆ ರಾಯಚೂರಿಗೋ ಬಳ್ಳಾರಿಗೋ, ಯಾರ ಹತ್ತಿರ ಹೋಗಬೇಕು ಅನ್ನೋದನ್ನು ಅವತ್ತೇ ಚೀಟಿಯಲ್ಲಿ ಬರೆದುಕೊಡಲಿ.

ನಿಮಗೆ 42 ಅಂತ ಬರೆದಿದ್ದೀರಿ. ಆ ಸೋಮವಾರ ನೀವು ಒಳಗೆ ಹೋಗಿದ್ರಾ ಅಂತ ಬರೆದಿಲ್ಲ. ಹೋಗಿದ್ದರೆ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಳಗೆ ಏನೇನು ಮಾಡಿದರು ಅಂತ ಬಿಡಿಸಿ ಹೇಳಿ. ಹೋಗಿಲ್ಲದಿದ್ದರೆ ಮೊದಲು ಹೋಗಿ ಬನ್ನಿ.