ಓದುಗರ ಪ್ರಶ್ನೆ: ಲಾಟೆ ಎಂದರೇನು?

ಪ್ರಶ್ನೆ: ಕಾಸರಗೋಡಿನ ಕೆಫೆಗಳಲ್ಲಿ ಸಿಗುವ ‘ಲಾಟೆ’ ಎಂಬ ಹೆಸರಿನ ಅರ್ಥವೇನು? ಮನೆಯಲ್ಲಿ ಮಾಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಇಟಾಲಿಯನ್ ಭಾಷೆಯಲ್ಲಿ ‘ಲತ್ತೆ’ ಎಂದರೆ ಬರೀ ಹಾಲು. ಪೂರ್ತಿ ಹೆಸರು ‘ಕಫೆ ಲತ್ತೆ’, ಅಂದರೆ ನಿಮ್ಮ ಸುತ್ತಮುತ್ತ ಮಲಯಾಳದಲ್ಲಿ ಹೇಳುವ ಪಾಲ್‌ಕಾಪ್ಪಿಯೇ (ಹಾಲು ಕಾಫಿ). ಇಟಲಿಯಲ್ಲಿ ಬರೀ ‘ಲತ್ತೆ’ ಕೇಳಿದರೆ ಒಂದು ಲೋಟ ಹಾಲು ಬರುತ್ತದೆ! ಮೂಲ ಲ್ಯಾಟಿನ್ನಿನ ‘ಲಾಕ್’. ಹಾಲಿನ ಸಕ್ಕರೆ ಲ್ಯಾಕ್ಟೋಸ್‌ನ ಹೆಸರೂ ಅಲ್ಲಿಂದಲೇ. ಕೆಲವು ಫಲಕಗಳಲ್ಲಿ ಇಂಗ್ಲಿಷ್ ಕೊನೆಯಕ್ಷರದ ಮೇಲೆ ಗೀಟು ಹಾಕಿರುತ್ತಾರೆ, ಇಟಾಲಿಯನ್ನಿನಲ್ಲಿ ಅದಿಲ್ಲ.

ಕೆಫೆಯಲ್ಲಿ ಸುಮಾರು 30 ಮಿ.ಲೀ. ಎಸ್ಪ್ರೆಸೊಗೆ (ಯಂತ್ರದ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿ) 180–200 ಮಿ.ಲೀ. ಹಾಲು, ಮೇಲೆ ತೆಳು ನೊರೆ. ಮನೆಯಲ್ಲಾದರೆ ಫಿಲ್ಟರಿನ ಮೊದಲ ಗಟ್ಟಿ ಡಿಕಾಕ್ಷನ್ 40 ಮಿ.ಲೀ., ಹಾಲು 160 ಮಿ.ಲೀ. ಸಾಕು, ಏಕೆಂದರೆ ಡಿಕಾಕ್ಷನ್ ಎಸ್ಪ್ರೆಸೊದಷ್ಟು ಗಾಢವಲ್ಲ. ಚಿಕೋರಿ ಇಲ್ಲದ ಪುಡಿಯೇ ಒಳ್ಳೆಯದು, ಇಲ್ಲದಿದ್ದರೆ ರುಚಿ ನಮ್ಮ ಫಿಲ್ಟರ್ ಕಾಫಿಯ ಕಡೆಗೇ ವಾಲುತ್ತದೆ.

ಕೆಡುವುದು ಹೆಚ್ಚಾಗಿ ಹಾಲಿನಲ್ಲಿ. ಉಕ್ಕಿಸಬೇಡಿ. 60–65 ಡಿಗ್ರಿಗೆ, ಹಬೆಯಾಡತೊಡಗಿದ ಕೂಡಲೇ, ಇಳಿಸಿ. 70 ದಾಟಿದರೆ ಹಾಲಿನ ಪ್ರೋಟೀನು ಕೆಟ್ಟು ನೊರೆ ಒರಟಾಗುತ್ತದೆ, ಕಾದ ವಾಸನೆ ಸಿಹಿಯನ್ನು ಮುಚ್ಚುತ್ತದೆ. ಫ್ರೆಂಚ್ ಪ್ರೆಸ್‌ನಲ್ಲಿ (ಒತ್ತುವ ಜಾಲರಿ ಇರುವ ಕಾಫಿ ಪಾತ್ರೆ) ಹಾಲನ್ನು ಮೂರನೇ ಒಂದು ಭಾಗ ಮಾತ್ರ ತುಂಬಿ 15–20 ಬಾರಿ ಒತ್ತಿ, ತಳವನ್ನು ಮೇಜಿಗೆ ತಟ್ಟಿ ದೊಡ್ಡ ಗುಳ್ಳೆ ಒಡೆಯಿರಿ. ತಡಮಾಡದೆ ಸುರಿಯಿರಿ, ನಿಂತರೆ ಹಾಲು ಕೆಳಗಿಳಿದು, ಕೊನೆಯ ಲೋಟಕ್ಕೆ ಬರೀ ನೊರೆ ಉಳಿಯುತ್ತದೆ.