ಕುಮಟಾದ ಉಪ್ಪುಗಾಳಿಯಲ್ಲಿ ಹಳೆಯ ಜಿಪ್ಸಿಗೆ ಹೆಡರ್ ಹಾಕಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಗಾಡಿ 1998ರ ಕಾರ್ಬ್ಯುರೇಟರ್ ಜಿಪ್ಸಿ, 1.3 ಲೀಟರ್ ಎಂಜಿನ್. ಊರು ಕುಮಟಾ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಓಡಾಟ. ಬೀಡಿನ (ಎರಕದ ಕಬ್ಬಿಣದ) ಎಗ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಮೊದಲ ಭಾಗ, ಬಿರುಕು ಬಿಟ್ಟಿದೆ. ಅದರ ಬದಲು ಹೊರಗಿನ ಹೆಡರ್ (ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಪೈಪ್ ಇರುವ ಜೋಡಣೆ) ಹಾಕಿಸಿದರೆ ಪಿಕಪ್ ಬರುತ್ತದೆಯೇ, ಏನೇನು ನೋಡಿಕೊಳ್ಳಬೇಕು?

ಹಾಕಿಸಬಹುದು. ಪಿಕಪ್ ಮಾತ್ರ ಸ್ವಲ್ಪವೇ. ಕ್ಯಾಮ್ (ವಾಲ್ವ್ ತೆರೆಸುವ ದಂಡ), ಹೆಡ್ (ಎಂಜಿನ್ನಿನ ಮೇಲ್ಭಾಗ) ಎಲ್ಲ ಕಂಪನಿಯದ್ದೇ ಇರುವಾಗ ಹೆಡರ್ ಒಂದೇ ಪವಾಡ ಮಾಡುವುದಿಲ್ಲ. ಘಟ್ಟಕ್ಕೆ ಬೇಕಾದದ್ದು ಮಧ್ಯದ ಆರ್‌ಪಿಎಂನ ಎಳೆತ, ಹಾಗಾಗಿ 4-2-1 ಮಾದರಿ (ನಾಲ್ಕು ಪೈಪು ಎರಡಾಗಿ, ಆ ಎರಡು ಒಂದಾಗಿ ಸೇರುವುದು) ತೆಗೆದುಕೊಳ್ಳಿ. ಈ ಎಂಜಿನ್ ಉರಿಯುವ ಕ್ರಮ 1-3-4-2. 1 ಮತ್ತು 4ನೇ ಸಿಲಿಂಡರ್ ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿಯಾಗಿ ಸೇರಿರಬೇಕು. ಹಾಗಿದ್ದರೆ ಪ್ರತಿ ಜೋಡಿಯಲ್ಲಿ ಹೊಗೆಯ ಹೊಡೆತಗಳು 360 ಡಿಗ್ರಿ ಅಂತರದಲ್ಲಿ ಬರುತ್ತವೆ, ಒಂದು ಇನ್ನೊಂದನ್ನು ತಡೆಯುವುದಿಲ್ಲ. ಅಗ್ಗದ ಹೆಡರ್‌ಗಳಲ್ಲಿ 1-2, 3-4 ಎಂದು ಪಕ್ಕಪಕ್ಕದ್ದನ್ನೇ ಸೇರಿಸಿಬಿಟ್ಟಿರುತ್ತಾರೆ. ಅಂಗಡಿಯಲ್ಲೇ ಬೆರಳಿಟ್ಟು ಪೈಪಿನ ದಾರಿ ಹಿಡಿದು ನೋಡಿ. ಮೊದಲ ಪೈಪುಗಳು ಹೊರ ಅಳತೆಯಲ್ಲಿ 35ರಿಂದ 38 ಮಿ.ಮೀ. ಸಾಕು. ಅದಕ್ಕಿಂತ ದಪ್ಪವಾದರೆ ಹೊಗೆಯ ವೇಗ ಇಳಿದು, ತಿರುವಿನಿಂದ ಎತ್ತುವಾಗ ಗಾಡಿ ಇನ್ನಷ್ಟು ಮಂಕಾಗುತ್ತದೆ.

ಕರಾವಳಿಯಲ್ಲಿ ಮೈಲ್ಡ್ ಸ್ಟೀಲ್ ಹೆಡರ್ ಬೇಡವೇ ಬೇಡ. 304 ಸ್ಟೇನ್‌ಲೆಸ್, 1.5 ಮಿ.ಮೀ. ದಪ್ಪದ ಪೈಪ್ ಕೇಳಿ. ನೋಡಲು ಚೆಂದ ಎಂದು ಹೆಡರ್‌ಗೆ ಬಟ್ಟೆಪಟ್ಟಿ ಸುತ್ತಿಸುವವರಿದ್ದಾರೆ. ಆ ಪಟ್ಟಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು ಮತ್ತು ಉಪ್ಪನ್ನು ಹಿಡಿದುಕೊಂಡು ಒಳಗೊಳಗೇ ಪೈಪನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಕೂಡ ಉಪ್ಪಿಗೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳಬಲ್ಲದು. ಬಿಸಿಯಿಂದ ವೈರ್ ಕಾಪಾಡಬೇಕೆಂದರೆ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿ.

ದುಡ್ಡು ಕೊಡುವ ಮೊದಲು ಫ್ಲಾಂಜ್ ನೋಡಿ. ನನ್ನ ಮಟ್ಟಿಗೆ ಹೆಡರ್‌ನ ಹಣೆಬರಹ ನಿರ್ಧಾರವಾಗುವುದು ಪೈಪಿನಿಂದಲ್ಲ, ಹೆಡ್‌ಗೆ ಕೂರುವ ಈ ಪಟ್ಟಿಯಿಂದ. ದಪ್ಪ 8 ಮಿ.ಮೀ.ಗಿಂತ ಕಡಿಮೆಯಿದ್ದರೆ ಬಿಸಿಗೆ ಬಾಗುತ್ತದೆ. ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳು) ತೂರಿಸಿ. 0.2 ಮಿ.ಮೀ. ಎಲೆ ಒಳಹೋದರೆ ಮೆಷಿನ್ ಶಾಪ್‌ನಲ್ಲಿ ಮಟ್ಟ ಮಾಡಿಸಲೇಬೇಕು. ಸ್ಥಳೀಯವಾಗಿ ಆಗದಿದ್ದರೆ ಹುಬ್ಬಳ್ಳಿಯಲ್ಲಿ ಆಗುತ್ತದೆ. ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ) ದಪ್ಪ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ, ತಿಂಗಳೊಳಗೆ ಅದು ಸುಟ್ಟುಹೋಗುತ್ತದೆ. ಗ್ಯಾಸ್ಕೆಟ್‌ನ ಅಂಚು ಪೋರ್ಟ್‌ನೊಳಗೆ (ಹೆಡ್‌ನಿಂದ ಹೊಗೆ ಹೊರಬರುವ ತೂತಿನೊಳಗೆ) ಚಾಚಿಕೊಂಡಿಲ್ಲವೆಂದೂ ನೋಡಿಕೊಳ್ಳಿ. ಹೆಡರ್ ಸ್ಥಳೀಯವಾಗಿ ಮಾಡಿಸುವುದಾದರೆ ಗಾಡಿಯ ಮೇಲೆ ಬರೀ ಟ್ಯಾಕ್, ಅಂದರೆ ಚುಕ್ಕೆ ವೆಲ್ಡಿಂಗ್, ಹೊಡೆಸಿ (ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು), ಪೂರ್ತಿ ವೆಲ್ಡಿಂಗ್ ಮಾಡುವಾಗ ಫ್ಲಾಂಜನ್ನು ದಪ್ಪ ಪ್ಲೇಟ್‌ಗೆ ಬೋಲ್ಟ್ ಬಿಗಿದು ಮಾಡಿಸಿ. ಇಲ್ಲವಾದರೆ ಹೊಸದೇ ಸೊಟ್ಟಗಾಗಿ ಬರುತ್ತದೆ.

ಇನ್ನು ಬಿಚ್ಚುವ ಕೆಲಸ. ಇಡೀ ಕೆಲಸದಲ್ಲಿ ದುಬಾರಿ ಎಡವಟ್ಟು ಆಗುವುದು ಇಲ್ಲೇ. ಹೆಡ್ ಅಲ್ಯೂಮಿನಿಯಂ, ಅದರೊಳಗೆ ಕೂತ ಸ್ಟಡ್ (ತಲೆಯಿಲ್ಲದ ಬೋಲ್ಟ್) ಉಕ್ಕು, ಕಾಲು ಶತಮಾನದ ತುಕ್ಕು. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಟ್‌ಗೆ ಉದ್ದ ಹಿಡಿಕೆ ಹಾಕಿ ಒಂದೇ ಸಮ ಎಳೆಯಬೇಡಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಎಣ್ಣೆ, ಹೀಗೆ ಆಡಿಸುತ್ತ ಬನ್ನಿ. ಅಲುಗದ ನಟ್‌ಗೆ, ಎಣ್ಣೆ ಒರೆಸಿದ ಮೇಲೆ, ಗ್ಯಾಸ್ ಟಾರ್ಚ್‌ನ ಬಿಸಿ. ಸ್ಟಡ್ ತುಂಡಾಗಿ ಮೊಳಕೆ ಹೊರಗುಳಿದಿದ್ದರೆ ಅದರ ಮೇಲೆ ನಟ್ ಇಟ್ಟು ನಟ್‌ನ ಒಳಗಿನಿಂದ ವೆಲ್ಡ್ ಮಾಡಿಸಿ ತಿರುಗಿಸಿ. ವೆಲ್ಡಿಂಗ್‌ನ ಬಿಸಿಗೇ ಹಿಡಿತ ಬಿಡುತ್ತದೆ. ಹೆಡ್‌ನ ಮಟ್ಟಕ್ಕೇ ಮುರಿದಿದ್ದರೆ ನಡುಮಧ್ಯ ಪಂಚ್ ಹೊಡೆದು 3 ಮಿ.ಮೀ., ಆಮೇಲೆ 5 ಮಿ.ಮೀ. ಡ್ರಿಲ್. ಈಸಿ-ಔಟ್ (ಮುರಿದ ಸ್ಟಡ್ ತೆಗೆಯುವ ಗಟ್ಟಿ ಉಕ್ಕಿನ ಉಪಕರಣ) ಜೋರಾಗಿ ತಿರುಗಿಸಿ ಅದೇ ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ, ಹೆಡ್ ಇಳಿಸಬೇಕಾಗುತ್ತದೆ. ತೂತಿನ ಮರೆ (ಥ್ರೆಡ್) ಕೆಟ್ಟಿದ್ದರೆ ಎಂ8 ಹೆಲಿಕಾಯಿಲ್ (ಹೊಸ ಮರೆ ಕೊಡುವ ತಂತಿಸುರುಳಿ) ಹಾಕಿಸಿ. ಹಳೆಯ ಸ್ಟಡ್ ಯಾವುದನ್ನೂ ಉಳಿಸಬೇಡಿ, ಎಲ್ಲ ಹೊಸತು, ನಟ್ ತಾಮ್ರಲೇಪನದ್ದು. ಸ್ಟೇನ್‌ಲೆಸ್ ಸ್ಟಡ್‌ಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಗ್ಯಾಸ್ಕೆಟ್ ಇಲ್ಲದೆ ಒಮ್ಮೆ ಸುಮ್ಮನೆ ಕೂರಿಸಿ ನೋಡಿ. ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರ್, ಎಂಜಿನ್ ಮೌಂಟಿನ ರಬ್ಬರ್, ಬ್ರೇಕ್ ಪೈಪ್, ಪ್ಲಗ್ ವೈರ್, ಎಲ್ಲದಕ್ಕೂ ಒಂದಿಂಚು ಅಂತರ ಬೇಕು. ನಿಂತ ಎಂಜಿನ್ನಿನಲ್ಲಿ ತಾಗದ ಪೈಪ್, ಎಕ್ಸಲೇಟರ್ ಒತ್ತಿದಾಗ ಎಂಜಿನ್ ವಾಲಿ ತಾಗಬಹುದು.

ಬಿಗಿಯುವಾಗ ನಡುವಿನ ನಟ್‌ಗಳಿಂದ ಶುರುಮಾಡಿ ಎರಡೂ ತುದಿಗೆ ಹೋಗಿ. ಮೊದಲ ಸುತ್ತು 10 ನ್ಯೂಟನ್ ಮೀಟರ್, ಕೊನೆಯ ಸುತ್ತು 20ರಿಂದ 23. ಮರೆಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿದ್ದರೆ 20ಕ್ಕೇ ನಿಲ್ಲಿಸಿ, ಜಾರುವ ಮರೆ ಅಷ್ಟೇ ಬಲಕ್ಕೆ ಹೆಚ್ಚು ಬಿಗಿಯಾಗುತ್ತದೆ. ಪೈಪನ್ನು ಥಿನ್ನರ್‌ನಲ್ಲಿ ಒರೆಸಿ ಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಬೆರಳಚ್ಚು ಸುಟ್ಟು ಅಲ್ಲೇ ಕೂರುತ್ತದೆ. ಒಂದು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿಯಿರಿ, ಘಟ್ಟ ಒಂದು ಸಲ ಹತ್ತಿಳಿದ ಮೇಲೆ ಇನ್ನೊಮ್ಮೆ. ತಣ್ಣಗಿರುವಾಗ ‘ಟಿಕ್ ಟಿಕ್’ ಎಂದು ಬಿಸಿಯಾದ ಮೇಲೆ ನಿಂತರೆ ಅದು ಹೆಚ್ಚಾಗಿ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದಲ್ಲ, ಗ್ಯಾಸ್ಕೆಟ್ ಸೋರಿಕೆ. ತಣ್ಣನೆಯ ಎಂಜಿನ್ನಿಗೆ ಸೈಲೆನ್ಸರ್ ತುದಿಯಿಂದ ಬ್ಲೋವರ್‌ನಲ್ಲಿ ಗಾಳಿ ಊದಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಸೋರಿಕೆ ಬಿಡುವ ಮಾತೇ ಇಲ್ಲ. ಬಟ್ಟೆಯ ಹುಡ್ ಇರುವ ಜಿಪ್ಸಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಸುಲಭವಾಗಿ ಸೇರುತ್ತದೆ.

ಹಳೆಯ ಮ್ಯಾನಿಫೋಲ್ಡ್‌ನ ತಗಡಿನ ಕವಚದಿಂದ ಏರ್ ಕ್ಲೀನರ್‌ಗೆ ಬಿಸಿಗಾಳಿ ಒಯ್ಯುವ ಕೊಳವೆ ಇದ್ದರೆ ಅದಕ್ಕೆ ಇನ್ನು ಕೆಲಸವಿಲ್ಲ. ಕುಮಟಾದಲ್ಲಿ ಏನೂ ಗೊತ್ತಾಗುವುದಿಲ್ಲ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಚೋಕ್ ಸ್ವಲ್ಪ ಹೆಚ್ಚು ಹೊತ್ತು ಬೇಕಾದೀತು. ಆ ಕೊಳವೆಯ ಬಾಯಿ ಮುಚ್ಚಿಬಿಡಿ, ಇಲ್ಲವಾದರೆ ಏರ್ ಕ್ಲೀನರ್ ಹೆಡರ್ ಪಕ್ಕದ ಬಿಸಿ ಧೂಳನ್ನು ಎಳೆಯುತ್ತದೆ.

ಆಮೇಲೆ ಪ್ಲಗ್ ನೋಡಿ. ಘಟ್ಟ ಹತ್ತಿದ ಮೇಲೆ ಬಿಚ್ಚಿದ ಪ್ಲಗ್ ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮುಖ್ಯ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ತೂತು) ಒಂದು ಅಳತೆ ದೊಡ್ಡದು ಹಾಕಿಸಿ. ತಿಳಿ ಕಂದು ಇದ್ದರೆ ಮುಟ್ಟಬೇಡಿ. ಐಡಲ್ ಹೊಂದಿಸಲು ಎಮಿಷನ್ ಟೆಸ್ಟ್ ಕೇಂದ್ರಕ್ಕೇ ಹೋಗಿ, ಮೀಟರ್ ನೋಡುತ್ತ ಮಿಕ್ಸ್ಚರ್ ಸ್ಕ್ರೂ ತಿರುಗಿಸುವುದು ಒಳ್ಳೆಯದು. ನಿಮ್ಮ ಕಾಲದ ಗಾಡಿಗೆ ಮಿತಿ 3% ಕಾರ್ಬನ್ ಮೊನಾಕ್ಸೈಡ್. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಜಿಪ್ಸಿಯವರು ಓದುತ್ತಿದ್ದರೆ: ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಸೋರಿಕೆ ಇದ್ದರೆ ಸೆನ್ಸರ್ ಹೊರಗಾಳಿ ಕಂಡು ಪೆಟ್ರೋಲ್ ಕಡಿಮೆಯಾಗಿದೆ ಎಂದುಕೊಳ್ಳುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ.

ಕಾನೂನಿನ ಕಡೆ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಕಂಪನಿಯ ಮೂಲ ವಿವರದಿಂದ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ, ಶಬ್ದ ಮತ್ತು ಹೊಗೆಗೆ 190(2) ಇದೆ. ಹೀಗಾಗಿ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಹಿಂದಿನ ಸೈಲೆನ್ಸರ್ ಕಂಪನಿಯದ್ದೇ ಇರಲಿ. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ ಬರುತ್ತದೆ, ತಪಾಸಣೆಯಲ್ಲಿ ಹೆಡರ್ ತಕರಾರಾಗಬಹುದು. ಬಿರುಕಿನ ಬೀಡನ್ನು ಗುಜರಿಗೆ ಕೊಡಬೇಡಿ. ಬಿರುಕು ಪೋರ್ಟ್ ಮುಖದವರೆಗೆ ಹೋಗಿಲ್ಲದಿದ್ದರೆ ಬೀಡು ಮೊದಲೇ ಕಾಯಿಸಿ ನಿಕ್ಕಲ್ ರಾಡ್‌ನಲ್ಲಿ ವೆಲ್ಡ್ ಮಾಡಿ, ನಿಧಾನ ಆರಿಸುವವರ ಕೈಯಲ್ಲಿ ರಿಪೇರಿಯಾಗುತ್ತದೆ.