ಇನ್ನೂರು ಗಿರಾಕಿ, 40 ಲಕ್ಷ ಸೆಷನ್!

ಪ್ರಶ್ನೆ: ಸೀರೆ ಮಾರುವ ಸಣ್ಣ ವೆಬ್‌ಸೈಟ್ ನಮ್ಮದು. ಜಾಂಗೋ (ವೆಬ್‌ಸೈಟ್ ಕಟ್ಟುವ ಪೈಥಾನ್ ಚೌಕಟ್ಟು), ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಳಸಿದ್ದೇವೆ. ದಿನಕ್ಕೆ ಇನ್ನೂರು ಜನ ಬಂದರೆ ಜಾಸ್ತಿ. ಆದರೂ ಸೆಷನ್ ಟೇಬಲ್‌ನಲ್ಲಿ, ಅಂದರೆ ಬಂದವರ ಲಾಗಿನ್ ಮುಂತಾದ ನೆನಪು ಇಡುವ ಪಟ್ಟಿಯಲ್ಲಿ, 40 ಲಕ್ಷ ಸಾಲುಗಳಿವೆ. ಇಡೀ ಟೇಬಲ್ ಖಾಲಿ ಮಾಡಿಬಿಡಲೇ?

ಉತ್ತರ: ಬೇಡ, ತಡೆಯಿರಿ. ಟೇಬಲ್ ಖಾಲಿ ಮಾಡುವ ಟ್ರಂಕೇಟ್ ಕಮಾಂಡ್ ಹೊಡೆದರೆ ಲಾಗಿನ್ ಆಗಿರುವವರೆಲ್ಲ ಒಟ್ಟಿಗೇ ಹೊರಗೆ ಬೀಳುತ್ತಾರೆ. ಕಾರ್ಟನ್ನೂ ಸೆಷನ್‌ನಲ್ಲೇ ಇಟ್ಟಿದ್ದರೆ ಅದೂ ಹೋಯಿತು.

ಅವಧಿ ಮುಗಿದ ಸೆಷನ್ನನ್ನು ಜಾಂಗೋ ತಾನೇ ಅಳಿಸುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಇಲ್ಲ. ಲಾಗೌಟ್ ಒತ್ತಿದವರ ಸಾಲು ಮಾತ್ರ ಆಗಲೇ ಅಳಿಸಿಹೋಗುತ್ತದೆ. ಆದರೆ ಲಾಗೌಟ್ ಒತ್ತುವವರು ಎಷ್ಟು ಜನ ಹೇಳಿ? ಉಳಿದದ್ದನ್ನು ಗುಡಿಸಲು 'ಕ್ಲಿಯರ್‌ಸೆಷನ್ಸ್' ಎಂಬ ಕಮಾಂಡ್ ಇದೆ. ಅವಧಿ ದಾಟಿದ ಸಾಲುಗಳನ್ನಷ್ಟೇ ತೆಗೆಯುತ್ತದೆ. ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ, ದಿನಾ ನಡುರಾತ್ರಿ ಓಡಲಿ.

ಮೊದಲ ಸಲ ಮಾತ್ರ ಇದನ್ನೂ ನೇರವಾಗಿ ಓಡಿಸಬೇಡಿ. ಅದು ಎಲ್ಲವನ್ನೂ ಒಂದೇ ಡಿಲೀಟ್‌ನಲ್ಲಿ ಅಳಿಸಲು ಹೋಗುತ್ತದೆ, ಡೇಟಾಬೇಸ್ ಏದುಸಿರು ಬಿಡುತ್ತದೆ. ಹತ್ತು ಸಾವಿರದಂತೆ ಕಂತಿನಲ್ಲಿ ಅಳಿಸಿ. ಪೋಸ್ಟ್‌ಗ್ರೆಸ್‌ನ ಡಿಲೀಟ್‌ನಲ್ಲಿ 'ಇಷ್ಟೇ ಸಾಲು' ಎಂದು ಹೇಳುವ ಲಿಮಿಟ್ ಪದ ಬಳಸಲು ಆಗುವುದಿಲ್ಲ. ಅವಧಿ ದಾಟಿದ ಸಾಲುಗಳ ಕೀಗಳನ್ನು (ಗುರುತುಗಳನ್ನು) ಸಬ್‌ಕ್ವೆರಿಯಲ್ಲಿ, ಅಂದರೆ ಡಿಲೀಟ್‌ನ ಒಳಗಿನ ಇನ್ನೊಂದು ಕ್ವೆರಿಯಲ್ಲಿ, ಆರಿಸಿ ಕೊಡಬೇಕು.

ಇಷ್ಟಾದ ಮೇಲೂ ಡಿಸ್ಕ್‌ನಲ್ಲಿ ಜಾಗ ಅಷ್ಟಾಗಿ ಬಿಟ್ಟಿರುವುದಿಲ್ಲ. ಗಾಬರಿಯಾಗಬೇಡಿ. ಆ ಜಾಗ ಟೇಬಲ್‌ನ ಒಳಗೇ ಖಾಲಿ ಉಳಿದು, ಹೊಸ ಸಾಲುಗಳಿಗೆ ಬಳಕೆಯಾಗುತ್ತದೆ. ವಾಪಸ್ ಬೇಕೇ ಬೇಕೆಂದರೆ ವ್ಯಾಕ್ಯೂಮ್ ಫುಲ್ ಎಂಬ ಕಮಾಂಡ್ ಇದೆ. ಆದರೆ ಅದು ಮುಗಿಯುವವರೆಗೆ ಟೇಬಲ್‌ಗೆ ಬೀಗ, ಓದುವುದಕ್ಕೂ ಆಗುವುದಿಲ್ಲ. ಅಂದರೆ ಅಂಗಡಿ ಬಂದ್. ಹಬ್ಬದ ಸೀಸನ್‌ನಲ್ಲಂತೂ ಆ ಸಾಹಸ ಬೇಡ.

ನನಗೆ ಕಾಡಿದ್ದು ಬೇರೆ. ಇನ್ನೂರು ಜನಕ್ಕೆ 40 ಲಕ್ಷ ಸಾಲು ಎಲ್ಲಿಂದ ಬಂತು? ಸೆಷನ್‌ಗೆ ಏನಾದರೂ ಬರೆದರೆ ಮಾತ್ರ ಜಾಂಗೋ ಸಾಲು ಸೇರಿಸುತ್ತದೆ, ಸುಮ್ನೆ ಪುಟ ನೋಡಿ ಹೋದವರಿಗೆ ಸೇರಿಸುವುದಿಲ್ಲ. ಹಾಗಾಗಿ ನಿಮ್ಮ ಕೋಡ್ ಪ್ರತಿ ಪುಟದಲ್ಲೂ ಏನೋ ಬರೆಯುತ್ತಿರಬೇಕು. 'ಇತ್ತೀಚೆಗೆ ನೋಡಿದ ಸೀರೆಗಳು' ಅಂತ ಪಟ್ಟಿ ತೋರಿಸುತ್ತೀರಾ? ನನ್ನ ಅನುಮಾನ ಅದರ ಮೇಲೇ. ಹುಡುಕು ಯಂತ್ರಗಳ ಬಾಟ್‌ಗಳು (ತಾವೇ ಪುಟ ಓದುತ್ತ ಸಾಗುವ ಪ್ರೋಗ್ರಾಂಗಳು) ಸಾಮಾನ್ಯವಾಗಿ ಕುಕೀ, ಅಂದರೆ ಬಂದವರನ್ನು ಮತ್ತೆ ಗುರುತಿಸುವ ಚೀಟಿ, ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದೇ ಬಾಟ್ ಸಾವಿರ ಪುಟ ನೋಡಿದರೆ ಸಾವಿರ ಹೊಸ ಸೆಷನ್. ಬೇರೆ ಏನೂ ಬದಲಿಸದಿದ್ದರೆ ಒಂದೊಂದರ ಆಯಸ್ಸು ಎರಡು ವಾರ, ಅಂದರೆ 12,09,600 ಸೆಕೆಂಡು.

ಜಾಂಗೋ ಶೆಲ್ (ಕಮಾಂಡ್ ಟೈಪಿಸುವ ಕಿಟಕಿ) ತೆರೆದು ನಾಲ್ಕೈದು ಸಾಲಿನ ಮೇಲೆ 'ಗೆಟ್_ಡೀಕೋಡೆಡ್' ಓಡಿಸಿ ನೋಡಿ, ಒಳಗೇನಿದೆ ಅಂತ ಕಾಣುತ್ತದೆ. ನನ್ನ ಅನುಮಾನ ನಿಜವಾದರೆ ಆ ಪಟ್ಟಿಯನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ಗೆ, ಅಂದರೆ ಗಿರಾಕಿಯ ಸಾಧನದಲ್ಲೇ ಇರುವ ಜಾಗಕ್ಕೆ, ಸಾಗಿಸಿ. ಕಾರ್ಟಿಗೆ ಸೀರೆ ಹಾಕಿದಾಗಷ್ಟೇ ಸೆಷನ್ ಮುಟ್ಟಿ.